ಬೂದಿಯಲ್ಲಿ ಆರಿದ ಕಬ್ಬಿಣ

ನವನಗರ, ಬಾಗಲಕೋಟೆ
12 ಜೂನ್ 2024

ಸವಿತಾ,

ನಿನ್ನ ಕಾಗದ ಬಂತು. ಅಂಚೆಯ ನರ್ಗೀಸ ಬಾಗಿಲಲ್ಲಿ ನಿಂತು ಎಷ್ಟು ಸಲ ಕೂಗಿದಳೋ ನನಗೆ ಗೊತ್ತಿಲ್ಲ. ಕಡೆಗೆ ಒಳಗೇ ಬಂದು ಮೂಗಿನ ಮುಂದೆ ಹಿಡಿದಳು. "ಅಜ್ಜಾರ, ಕಾಗದ ಬರಿಯೋ ಮಂದಿ ಇನ್ನೂ ಉಳದಾರ ನೋಡ್ರಿ" ಎಂದಳಂತೆ. ನನ್ನ ಹೆಂಡತಿ ಹನಮವ್ವ ಆಮೇಲೆ ಕಿವಿಯಲ್ಲಿ ಕಿರುಚಿ ಹೇಳಿದಳು. ಐವತ್ತು ವರ್ಷ ಅಡಿಗಲ್ಲಿನ ಮೇಲೆ ಸುತ್ತಿಗೆ ಬಡಿದವನಿಗೆ ಕಿವಿ ಉಳಿಯುವುದಿಲ್ಲ. ಫೋನು ನನಗೆ ಸತ್ತ ಇಲಿ ಇದ್ದ ಹಾಗೆ. ಕಾಗದ ಬರೆದು ಒಳ್ಳೆಯದು ಮಾಡಿದೆ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು. ತಪ್ಪಿದ್ದರೆ ಓದಿಕೋ, ತಿದ್ದಬೇಡ.

ಒಂದು ಮಾತು ಮೊದಲೇ. ನೀನು ನನ್ನ ತಮ್ಮ ಯಂಕಪ್ಪನ ಮಗಳು. ಅವನ ಜೊತೆ ನಾನು ಮಾತು ಬಿಟ್ಟು ಇಪ್ಪತ್ತೆರಡು ವರ್ಷ. ಹಳೇ ಬಾಗಲಕೋಟೆ ಅಣೆಕಟ್ಟಿನ ನೀರಿಗೆ ಮುಳುಗಡೆಯಾಗುವ ಮುಂಚೆ ನಾವು ಮನೆ ಬಿಚ್ಚುತ್ತಿದ್ದೆವು. ತೊಲೆ ಇಳಿಸಲು ಅವನು ಬಡಿದು ಮಾಡಿದ ಕೊಕ್ಕೆ ಮುರಿಯಿತು. ನಡುಮನೆಯ ತೊಲೆ ನನ್ನ ಎಡಗಾಲಿನ ಮೇಲೆ ಬಿತ್ತು. ಅವತ್ತಿನಿಂದ ನಾನು ಕುಂಟ. ಇದು ಊರಿಗೆಲ್ಲ ಗೊತ್ತಿದ್ದದ್ದೇ. ಕಬ್ಬಿಣದ ಬಗ್ಗೆ ಎಷ್ಟು ಬೇಕಾದರೂ ಕೇಳು. ಅವನ ಬಗ್ಗೆ ಒಂದು ಸಾಲು ಬರೆದರೂ ಕಾಗದ ಒಲೆಗೆ.

ಇನ್ನು ನಿನ್ನ ಪ್ರಶ್ನೆ. ಯಾರೂ ಬಡಿಯದೆ, ಬೆಂಕಿಗೆ ಹಿಡಿಯದೆ, ತುಕ್ಕು ಹತ್ತದೆ ಕಬ್ಬಿಣ ಒಳಗೊಳಗೇ ಪೆಡಸಾಗುತ್ತದೆ, ಒಂದು ಏಟಿಗೆ ಒಡೆಯುವ ಹಾಗೆ ಆಗುತ್ತದೆ ಎಂದು ಬರೆದಿದ್ದೀ. ಅಂಥ ಕಬ್ಬಿಣವನ್ನು ಮತ್ತೆ ಮೆದು ಮಾಡುವುದು ಹೇಗೆ ಎಂದು ಕೇಳಿದ್ದೀ. ಮೊದಲು ಅದಕ್ಕೆ ಏನಾಗಿದೆ ಹೇಳು. ದೆವ್ವ ಹೊಕ್ಕಿದೆಯೋ? ರೋಗ ಗೊತ್ತಿಲ್ಲದೆ ಔಷಧ ಹೇಳಲು ನಾನು ಸಂತೆಯ ವೈದ್ಯನಲ್ಲ.

ನೀನು ನನಗೆ ನಾಲ್ಕು ವರ್ಷದ, ಮೂಗು ಸುರಿಸುವ ಹುಡುಗಿಯಾಗಿಯೇ ನೆನಪಿದ್ದೀ. ತಿದಿಯ ಹಗ್ಗಕ್ಕೆ ಜೋತುಬಿದ್ದು ಗಾಳಿ ಊದುತ್ತಿದ್ದೆ. ಕೆಂಡ ಉಸಿರಾಡುತ್ತದೆ ಎನ್ನುತ್ತಿದ್ದೆ.

ಇಷ್ಟೂ ಸಿಟ್ಟಿಲ್ಲದೆ ಬರೆದಿದ್ದೇನೆ,
ಮೌನಪ್ಪ

---

ಕಡಲ ದಂಡೆಯಿಂದ
5 ಜುಲೈ 2024

ದೊಡ್ಡಪ್ಪನವರಿಗೆ ಸವಿತಾಳ ನಮಸ್ಕಾರ.

ದೆವ್ವವಲ್ಲ. ಆದರೆ ದೆವ್ವದಂತೆಯೇ ಕಣ್ಣಿಗೆ ಕಾಣದ್ದು.

ನಾನು ಕೆಲಸ ಮಾಡುವ ಪ್ರಯೋಗಾಲಯಕ್ಕೆ ಅಣುವಿದ್ಯುತ್ ಒಲೆಯೊಳಗೆ ವರ್ಷಗಟ್ಟಲೆ ಇದ್ದ ಉಕ್ಕಿನ ತುಂಡುಗಳು ಬರುತ್ತವೆ. ಅವನ್ನು ಕೈಯಿಂದ ಮುಟ್ಟುವಂತಿಲ್ಲ. ಮೊಳದಪ್ಪದ ಗಾಜಿನ ಆಚೆ ಇಟ್ಟು, ಕಬ್ಬಿಣದ ಕೈಗಳಿಂದ ಎತ್ತಿ ಇಳಿಸುತ್ತೇವೆ. ಒಮ್ಮೊಮ್ಮೆ ಆ ಗಾಜಿನ ಮುಂದೆ ನಿಂತಾಗ ನೀರೊಳಗೆ ನೋಡುತ್ತಿದ್ದೇನೆ ಅನ್ನಿಸುತ್ತದೆ.

ಉಕ್ಕಿನ ಒಳಗೆ ಪರಮಾಣುಗಳು ಕೂರಿಗೆಯಿಂದ ಬಿತ್ತಿದ ಜೋಳದ ಹಾಗೆ ಸಾಲು ಹಿಡಿದು ಕುಳಿತಿರುತ್ತವೆ. ಒಂದು ಹೊಲದಲ್ಲಿ ಸಾಲು ಮೂಡಲಿಗೆ, ಪಕ್ಕದ ಹೊಲದಲ್ಲಿ ತೆಂಕಲಿಗೆ. ಆ ಹೊಲಗಳನ್ನು ನಾವು ಹರಳು ಎನ್ನುತ್ತೇವೆ. ಎರಡು ಹರಳುಗಳ ನಡುವೆ ಬದು ಇರುತ್ತದೆ.

ಒಲೆಯೊಳಗೆ ನ್ಯೂಟ್ರಾನ್ ಎಂಬ ಕಣಗಳು ಹಗಲು ರಾತ್ರಿ ಹಾರುತ್ತಿರುತ್ತವೆ. ಬಣ್ಣವಿಲ್ಲ, ಸದ್ದಿಲ್ಲ. ಒಂದು ಬಂದು ಒಂದು ಪರಮಾಣುವಿಗೆ ಬಡಿಯುತ್ತದೆ. ಅದು ಎದ್ದು ಮುಂದಿನದಕ್ಕೆ, ಅದು ಅದರ ಮುಂದಿನದಕ್ಕೆ, ಗೋಲಿಯಾಟದ ಹಾಗೆ. ಕಣ್ಣು ಮಿಟುಕಿಸುವುದರೊಳಗೆ ಬಹಳಷ್ಟು ಮತ್ತೆ ಎಲ್ಲೋ ಒಂದು ಖಾಲಿ ಜಾಗ ಹುಡುಕಿ ಕೂರುತ್ತವೆ. ಕೆಲವಕ್ಕೆ ಸಿಗುವುದಿಲ್ಲ. ಅವು ಇಬ್ಬರ ನಡುವೆ ಇರುಕಿಕೊಂಡು ನಿಲ್ಲುತ್ತವೆ. ಅವು ಬಿಟ್ಟ ಜಾಗಗಳು ಖಾಲಿ ಉಳಿಯುತ್ತವೆ. ಆ ಖಾಲಿ ಜಾಗಗಳೂ ಸುಮ್ಮನಿರುವುದಿಲ್ಲ, ದೊಡ್ಡಪ್ಪ. ಮೆಲ್ಲಗೆ ಅಲೆಯುತ್ತವೆ, ಒಂದನ್ನೊಂದು ಸೇರುತ್ತವೆ, ಗುಳಿಗಳಾಗುತ್ತವೆ.

ಹೊರಗೆ ನೋಡಿದರೆ ಅದೇ ತುಂಡು, ಅದೇ ಹೊಳಪು. ಒಳಗೆ ಮಾತ್ರ ಒಂದು ಸಾಲು ಇನ್ನೊಂದರ ಮೇಲೆ ಜಾರಲಾರದು. ಹಾಗಾಗಿ ಗಟ್ಟಿಯಾಗುತ್ತದೆ. ಬಾಗಬೇಕಾದಲ್ಲಿ ಬಾಗದೆ ಒಡೆಯುತ್ತದೆ.

ಇನ್ನು ಒಂದು ಸಾಲು, ಒಲೆಗೆ ಹಾಕುವ ಮುಂಚೆ ಓದಿಬಿಡಿ. ಅಪ್ಪ ಬಾದಾಮಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ. ನಮ್ಮವರ ಮದುವೆಗಳಿಗೆ ಅವನು ಹೋಗುವುದಿಲ್ಲ. ಹೋದವಳು ನಾನು. ಅಲ್ಲಿ ನನ್ನನ್ನು ಇವತ್ತಿಗೂ "ಮುರುಕ ಕೊಕ್ಕಿ ಯಂಕಪ್ಪನ ಮಗಳು" ಎಂದೇ ತೋರಿಸುತ್ತಾರೆ.

ನಿಮ್ಮ ಉತ್ತರ ಕಾಯುವ,
ಸವಿತಾ

---

ನವನಗರ
20 ಆಗಸ್ಟ್ 2024

ಸವಿತಾ,

ಆ ಸಾಲಿಗಾಗಿ ಕಾಗದವನ್ನು ಒಲೆಗೆ ಹಾಕಬೇಕಿತ್ತು. ಅದೇ ಹಾಳೆಯ ಹಿಂಬದಿಗೆ ನ್ಯೂಟ್ರಾನಿನ ಕಥೆ ಇತ್ತು, ಬದುಕಿಕೊಂಡಿತು. ಇನ್ನೊಮ್ಮೆ ಆ ಆಟ ಆಡಬೇಡ.

ನಿನ್ನ ಕಾಗದ ಓದಿದ ಮಧ್ಯಾಹ್ನ ರೊಟ್ಟಿ ತಿಂದು ಮಲಗಿದೆ. ಕನಸು ಬಿತ್ತು. ನಾನು ಸಾಸಿವೆಗಿಂತ ಸಣ್ಣವನಾಗಿ ಕಬ್ಬಿಣದ ಒಳಗೆ ಹೋಗಿದ್ದೆ. ಒಳಗೆ ಕತ್ತಲೆ ಇರಲಿಲ್ಲ. ಬೂದು ಬೆಳಕು, ಮಳೆ ಬರುವ ಮುಂಚಿನ ಹಾಗೆ. ನೆಟ್ಟಗೆ ಓಣಿಗಳು. ಪ್ರತಿ ಕಟ್ಟೆಯ ಮೇಲೆ ಒಬ್ಬೊಬ್ಬರು ಕುಳಿತಿದ್ದರು. ನೋಡಿದರೆ ನಮ್ಮ ಹಳೇ ಬಾಗಲಕೋಟೆಯ ಓಣಿಯೇ. ಒಬ್ಬ ಎದ್ದ. ಯಾರೂ ಕರೆದಿರಲಿಲ್ಲ. ಎದ್ದು ಹೋಗಿ ಬೇರೆಯವರ ಕಟ್ಟೆಯ ಮೇಲೆ ಇಬ್ಬರ ನಡುವೆ ಇರುಕಿ ಕುಳಿತ. ಅವರು ಸರಿಯಲಿಲ್ಲ, ಇವನು ಏಳಲಿಲ್ಲ. ಹಿಂದಿನಿಂದ ಇನ್ನೊಬ್ಬ ಎದ್ದ, ಮತ್ತೊಬ್ಬ. ಖಾಲಿ ಕಟ್ಟೆಗಳು ತೇಲುತ್ತ ಬಂದು ಒಂದಕ್ಕೊಂದು ಹತ್ತಿಕೊಂಡವು. ದೊಡ್ಡ ಗುಂಡಿಯಾಯಿತು. ಅದರಲ್ಲಿ ನೀರು ನಿಂತಿತು. ನೀರಿನ ಕೆಳಗಿಂದ ನನ್ನ ಸುತ್ತಿಗೆಯ ಸಪ್ಪಳ ಕೇಳಿತು. ಎಚ್ಚರಿದ್ದಾಗ ಏನೂ ಕೇಳದವನಿಗೆ ಕನಸಿನಲ್ಲಿ ಮಾತ್ರ ಚೆನ್ನಾಗಿ ಕೇಳುತ್ತದೆ.

ನಮ್ಮದು ಅದೇ ಆಗಿದ್ದು. ಒಂದು ಓಣಿಯ ಹನ್ನೆರಡು ಮನೆ ನವನಗರದ ಹನ್ನೆರಡು ಸೆಕ್ಟರಿಗೆ ಬಿದ್ದವು. ಪಕ್ಕದ ಮನೆಯವನ ಹೆಸರು ಕಲಿಯಲು ನನಗೆ ಆರು ವರ್ಷ ಬೇಕಾಯಿತು. ಹನಮವ್ವನಿಗೆ ನಿನ್ನ ಕಾಗದ ಓದಿ ಹೇಳಿದೆ. "ಬಾಗಲಾರದು, ಒಡೀತೈತಿ ಅಂದ್ರ ನೀವೂ ಆ ಒಲಿಯೊಳಗ ಇದ್ದು ಬಂದೀರೇನು?" ಎಂದಳು. ಅವಳ ಬಾಯಿಗೆ ಯಾವ ಕಾಲಕ್ಕೂ ತುಕ್ಕು ಹತ್ತಿಲ್ಲ.

ರೋಗ ತಿಳಿಯಿತು. ಔಷಧ ಬರೆದುಕೋ. ಬಡಿದು ಬಡಿದು ಪೆಡಸಾದ ಕಬ್ಬಿಣಕ್ಕೂ ಒಳಗೆ ಇದೇ ಆಗಿರಬೇಕು. ಅದನ್ನು ಕಾಯಿಸಬೇಕು. ಆಮೇಲೆ ಬೂದಿಯಲ್ಲಿ ಹೂಳಬೇಕು. ಮರುದಿನ ಹೊತ್ತು ಏರುವ ತನಕ ಮುಟ್ಟಬಾರದು. ನಮ್ಮಪ್ಪ ಹೇಳುತ್ತಿದ್ದ, ಕಾದ ಕಬ್ಬಿಣಕ್ಕೆ ನೀರು ಕುಡಿಸುವುದು ಸಿಟ್ಟಿಗೆ, ಬೂದಿಯಲ್ಲಿ ಮಲಗಿಸುವುದು ಸಮಾಧಾನಕ್ಕೆ.

ನಮ್ಮ ಮನೆಯ ಬೂದಿಗುಂಡಿ ನಿನಗೆ ನೆನಪಿದೆಯೋ ಇಲ್ಲವೋ. ಅದನ್ನು ನಾವು ಪೂರಾ ಬರಿದು ಮಾಡಿದವರಲ್ಲ. ಹೊಸ ಬೂದಿ ಮೇಲೆ ಬೀಳುತ್ತಿತ್ತು, ಅಡಿಯ ಒಂದು ಬುಟ್ಟಿ ನನ್ನ ಅಜ್ಜನ ಕಾಲದ್ದು. ಅಮಾವಾಸ್ಯೆಗೆ ಕುಲುಮೆ ಹಚ್ಚುತ್ತಿರಲಿಲ್ಲ, ಅವತ್ತು ಅಡಿಗಲ್ಲಿಗೂ ಬೂದಿಗುಂಡಿಗೂ ಕುಂಕುಮ. ಮುಳುಗಡೆಯಲ್ಲಿ ಜನ ಬಾಗಿಲು, ಚೌಕಟ್ಟು, ಹಂಚು ಹೊತ್ತು ತಂದರು. ನಾನು ಒಂದು ಚೀಲ ಬೂದಿ ಹೊತ್ತು ತಂದೆ. ನವನಗರದ ಜನ ನಕ್ಕರು, ನಗಲಿ.

ಬೂದಿ ಎಂದೂ ಕೈಬಿಡುವುದಿಲ್ಲ. ಇದರಲ್ಲಿ ಎರಡು ಮಾತಿಲ್ಲ.

ಹೇಳಿದಂತೆ ಮಾಡು,
ಮೌನಪ್ಪ

---

ಕಡಲ ದಂಡೆಯಿಂದ
3 ನವೆಂಬರ್ 2024

ದೊಡ್ಡಪ್ಪ,

ನನ್ನ ಪಾಲಿಗೆ ಮೂರು ತುಂಡು ಬಂದಿವೆ. ಒಂದೊಂದೂ ಬೆರಳಿನಷ್ಟು. ಎಂಟು ವರ್ಷ ಒಲೆಯೊಳಗೆ ಇದ್ದಂಥವು. ಇವು ಹಾಳಾದರೆ ಮತ್ತೆ ಎಂಟು ವರ್ಷ ಕಾಯಬೇಕು. ನಾಲ್ಕು ದಿನ ಬಿಡದೆ ಕಾಯಿಸುತ್ತೇವೆ. ಕೆಂಪಾಗುವಷ್ಟಲ್ಲ, ಅದರ ಕೆಳಗೇ. ಎದ್ದವರು ತಮ್ಮ ತಮ್ಮ ಜಾಗಕ್ಕೆ ಮರಳಲು ಅಷ್ಟು ಕಾವು ಸಾಕು. ಆಮೇಲೆ ಹೇಗೆ ಆರಿಸುವುದು ಎಂಬುದನ್ನು ನನಗೇ ಬಿಟ್ಟರು.

ನಿಧಾನವಾಗಿ, ಎರಡು ದಿನ ಹಿಡಿದು, ಎಂದು ಬರೆದೆ. "ಅಷ್ಟು ನಿಧಾನ ಯಾಕೆ?" ಎಂದು ಪ್ರಯೋಗಾಲಯದ ನಮ್ಮ ಹಿರಿಯರು ಕೇಳಿದರು. "ನಮ್ಮ ಮನೆಯಲ್ಲಿ ಕಬ್ಬಿಣವನ್ನು ಬೂದಿಯಲ್ಲಿ ಮಲಗಿಸುತ್ತಾರೆ" ಎಂದೆ. ಅವರು ನಕ್ಕು ಸಹಿ ಹಾಕಿದರು. ಇಲ್ಲಿಯ ಒಲೆಗೆ ಬೂದಿ ಇಲ್ಲ. ಆದರೆ ಬೂದಿಯಷ್ಟೇ ಮೆಲ್ಲಗೆ ಇಳಿ ಎಂದು ಅದಕ್ಕೆ ಹೇಳಬಹುದು.

ಮೊದಲನೆಯ ತುಂಡು ನಾಳೆ ಒಳಗೆ ಹೋಗುತ್ತದೆ. ಅಜ್ಜನ ಬುಟ್ಟಿ ಬೂದಿ ಇಲ್ಲಿಯವರೆಗೂ ಬಂತಲ್ಲ ಎಂದು ಖುಷಿಯಾಗಿದೆ.

ನಿಮ್ಮ
ಸವಿತಾ

---

ನವನಗರ
28 ಡಿಸೆಂಬರ್ 2024

ಸವಿತಾ,

ಎರಡು ತಿಂಗಳಾಯಿತು. ಬದುಕಿದ್ದೀಯಾ? ನರ್ಗೀಸ ಸೈಕಲ್ ನಿಲ್ಲಿಸದೆ ದೂರದಿಂದಲೇ ಕೈ ಅಲ್ಲಾಡಿಸಿ ಹೋಗುತ್ತಾಳೆ. ನಿನ್ನೆ ಹತ್ತಿರ ಬಂದು "ಲಗ್ನಪತ್ರ ಕಾಯ್ದಂಗ ಕಾಯಾಕ್ಹತ್ತೀರಲ್ರಿ ಅಜ್ಜಾರ" ಎಂದು ಹನಮವ್ವನ ಮುಂದೆ ಹಾಸ್ಯ ಮಾಡಿದಳಂತೆ. ತುಂಡು ಏನಾಯಿತು ಬರೆ. ಬೂದಿ ಕೆಲಸ ಮಾಡಿತೆಂದು ನನಗೆ ಗೊತ್ತೇ ಇದೆ. ಆದರೂ ಬರೆ.

ಮೌನಪ್ಪ

---

ಕಡಲ ದಂಡೆಯಿಂದ
14 ಜನವರಿ 2025

ದೊಡ್ಡಪ್ಪ,

ಹೇಗೆ ಬರೆಯಲಿ ಎಂದು ತಿಳಿಯದೆ ತಡವಾಯಿತು. ನೇರವಾಗಿಯೇ ಬರೆಯುತ್ತೇನೆ, ನಿಮಗೆ ಸುತ್ತು ಮಾತು ಸೇರುವುದಿಲ್ಲ.

ತುಂಡು ಒಡೆಯಿತು. ನಮ್ಮಲ್ಲಿ ಮೇಲಿಂದ ತೂಗಿ ಬಂದು ಹೊಡೆಯುವ ಒಂದು ದೊಡ್ಡ ಸುತ್ತಿಗೆ ಇದೆ. ಒಂದೇ ಏಟಿಗೆ ಗಾಜಿನಂತೆ ಎರಡಾಯಿತು.

ವಿಚಿತ್ರವೆಂದರೆ ಒಳಗಿನ ಗುಳಿಗಳು ಮಾಯವಾಗಿದ್ದವು. ಎದ್ದವರೆಲ್ಲ ಮರಳಿ ಸಾಲಿನಲ್ಲಿ ಕುಳಿತಿದ್ದರು. ಕಾಯಿಸಿದ್ದು ತನ್ನ ಕೆಲಸ ಮಾಡಿತ್ತು. ಕೆಟ್ಟದ್ದು ಆರಿಸುವಾಗ. ಇದು ಬರೀ ಕಬ್ಬಿಣವಲ್ಲ, ಕ್ರೋಮಿಯಂ, ನಿಕಲ್ ಬೆರೆತ ಮಿಶ್ರಲೋಹ. ಒಂದು ಚಿಟಿಕೆ ರಂಜಕವೂ (ಫಾಸ್ಫರಸ್) ಕಸದ ಹಾಗೆ ಸೇರಿರುತ್ತದೆ. ಬೇಗ ಆರಿಸಿದರೆ ಅದು ಹೊಲದ ತುಂಬ ಚದುರಿ ಸುಮ್ಮನಿರುತ್ತದೆ. ನಿಧಾನವಾಗಿ ಆರಿಸಿದರೆ ಅದಕ್ಕೆ ನಡೆಯಲು ಪುರಸೊತ್ತು ಸಿಗುತ್ತದೆ. ಮೆಲ್ಲಗೆ ನಡೆದು ಹೋಗಿ ಹರಳುಗಳ ನಡುವಿನ ಬದುಗಳಲ್ಲಿ ಕೂರುತ್ತದೆ. ಬದು ಸಡಿಲಾಗುತ್ತದೆ. ಏಟು ಬಿದ್ದಾಗ ಹೊಲಗಳು ಹೊಲಗಳಾಗಿಯೇ ಬಿಡಿಸಿಕೊಳ್ಳುತ್ತವೆ.

ಎರಡನೆಯ ತುಂಡನ್ನು ಕಾಯಿಸಿ ಬೇಗ ಆರಿಸಿದೆ. ಅದು ಏಟು ತಡೆದು ಬಾಗಿತು, ಒಡೆಯಲಿಲ್ಲ.

ನೀವು ನೇಗಿಲ ಕುಳಕ್ಕೆ, ಗಾಡಿಯ ಹಳಿಗೆ ಹೇಳಿದ ಮಾತು ಸುಳ್ಳಲ್ಲ. ಹಳೆಯ ಸಾದಾ ಕಬ್ಬಿಣಕ್ಕೆ ಬೂದಿಯಿಂದ ಏನೂ ಕೇಡಿಲ್ಲ. ಈ ಬೆರಕೆ ಉಕ್ಕುಗಳಿಗೆ ಮಾತ್ರ ಅದು ಒಗ್ಗದು. ಲಾರಿಯ ಅಡಿಯ ಸ್ಪ್ರಿಂಗ್ ಪಾಟಾದಂಥ ಉಕ್ಕಿಗೂ ಹೀಗೆಯೇ ಆಗಬಹುದು ಎಂದು ಪುಸ್ತಕದಲ್ಲಿದೆ.

ಒಡೆದ ಬಾಯಿಯ ಚಿತ್ರ ಇಟ್ಟಿದ್ದೇನೆ. ಸೂಕ್ಷ್ಮದರ್ಶಕದಲ್ಲಿ ತೆಗೆದದ್ದು, ಹೊರಗಿನವರಿಗೂ ತೋರಿಸಬಹುದಾದದ್ದು. ನೋಡಲು ಎಷ್ಟು ಚೆಂದವಿದೆ ನೋಡಿ.

ಸವಿತಾ

---

ನವನಗರ
25 ಜನವರಿ 2025

ಸವಿತಾ,

ನನಗೆ ಪಾಠ ಹೇಳಬೇಡ. ನಿನ್ನ ಒಲೆ ಸರಿ ಇರಲಿಕ್ಕಿಲ್ಲ. ನಿನ್ನ ಪುಸ್ತಕ ಬರೆದವನು ಒಂದು ದಿನವಾದರೂ ಇಕ್ಕಳ ಹಿಡಿದಿದ್ದಾನೋ ಕೇಳು.

ಪಾಟಾದ ಮಾತು ಯಾಕೆ ಬರೆದೆ?

ಮೌನಪ್ಪ

---

ನವನಗರ
18 ಏಪ್ರಿಲ್ 2025

ಸವಿತಾ,

ಮೂರು ತಿಂಗಳು ಬರೆಯಲಿಲ್ಲ. ನೀನೂ ಬರೆಯಲಿಲ್ಲ. ಒಳ್ಳೆಯದೇ ಮಾಡಿದೆ.

ನೀನು ಕಳಿಸಿದ ಚಿತ್ರವನ್ನು ಬೆನ್ನು ಮೇಲಾಗಿ ಗೋಡೆಯ ಮಾಡದಲ್ಲಿ ಇಟ್ಟಿದ್ದೆ. ಹನಮವ್ವ ಕಸ ಹೊಡೆಯುವಾಗ ಅದನ್ನು ಮುಖ ಮೇಲೆ ಮಾಡಿ ಇಡುತ್ತಿದ್ದಳು. ನಾನು ತಿರುವಿ ಇಡುತ್ತಿದ್ದೆ. ಅವಳಿಗೆ ಏನೂ ಗೊತ್ತಿರಲಿಲ್ಲ. "ಕಲ್ಲಸಕ್ಕರಿ ಗುಡ್ಡೆ ಇದ್ದಂಗೈತಿ, ಚಂದ ಐತಿ" ಎನ್ನುತ್ತಿದ್ದಳು.

ನಾಲ್ಕು ದಿನದ ಹಿಂದೆ ನಾನೂ ಹನಮವ್ವನೂ ಹಳೇ ಊರಿನ ಕಡೆ ಹೋದೆವು. ಈ ಬಿಸಿಲಿಗೆ ಹಿನ್ನೀರು ಹಿಂದಕ್ಕೆ ಸರಿದಿದೆ. ಟಂಟಂ ರಿಕ್ಷಾ ದಂಡೆಯಲ್ಲಿ ಬಿಟ್ಟಿತು. ಅಲ್ಲಿಂದ ಒಣಗಿ ಬಿರಿದ ಮಣ್ಣಿನ ಮೇಲೆ ನಡೆದೆವು. ಗೋಡೆಗಳ ಬುಡ ಮಾತ್ರ ಉಳಿದಿವೆ. ಮೇಲೆ ನಿಂತು ನೋಡಿದರೆ ಗೆರೆ ಹೊಡೆದ ಹಾಗೆ ಓಣಿಗಳು, ಮನೆಗಳು, ಒಳಗೆ ಯಾರೂ ಇಲ್ಲ. ಹೊಸ್ತಿಲುಗಳ ಮೇಲೆ ಮೀನಿನ ಪೊರೆ ಮಿಂಚುತ್ತಿತ್ತು. ಬೆಳ್ಳಕ್ಕಿ ಒಂದು ನಮ್ಮ ಪಡಸಾಲೆಯಲ್ಲಿ ನಿಂತಿತ್ತು. ನಾವು ಹೋದರೂ ಏಳಲಿಲ್ಲ, ಮನೆ ಅದರದ್ದೇ ಎಂಬಂತೆ. ಕುಲುಮೆಯ ಜಾಗ ಗುರುತು ಹತ್ತಿತು. ಅಡಿಗಲ್ಲು ಹೂಳಿದ ಕುಣಿಯಲ್ಲಿ ಅಂಗೈಯಷ್ಟು ನೀರು ಉಳಿದಿತ್ತು. ಅದರಲ್ಲಿ ಆಕಾಶ ಇತ್ತು. ನಾನು ಅದರ ಪಕ್ಕ ಕುಳಿತೆ.

ಈಗ ಬರೆಯುತ್ತೇನೆ, ನಡುವೆ ನಿಲ್ಲಿಸದೆ.

ಕೊಕ್ಕೆ ಮಾಡಿದ್ದು ಲಾರಿಯ ಪಾಟಾದಿಂದ. ಗ್ಯಾರೇಜಿನ ಯಾಸೀನ ಮುರಿದ ಪಾಟಾ ಕೊಟ್ಟಿದ್ದ. ಬಡಿದವನು ನಿನ್ನ ಅಪ್ಪ. ಮೂರು ಕಾವಿನಲ್ಲಿ ಮುಗಿಸಿದ. ಅಂಥ ಕೈ ನಮ್ಮ ಮನೆತನದಲ್ಲಿ ಇನ್ನೊಂದು ಇರಲಿಲ್ಲ, ನನ್ನದೂ ಸೇರಿ. ನೀರು ಕುಡಿಸಿದ, ಮತ್ತೆ ಕಾಯಿಸಿದ. ಆಮೇಲೆ ಹೇಳಿದ:

"ಅಣ್ಣಾ, ಇದು ಪಾಟಾದ ಕಬ್ಬಿಣ. ಹಿಂಗ ಹೊರಗ ಒಗದ್ರ ಆರತೈತಿ. ಬೂದ್ಯಾಗ ಬ್ಯಾಡ. ಯಾಸೀನನ ಗ್ಯಾರೇಜಿನ್ಯಾಗ ನೋಡೇನಿ, ಬೂದ್ಯಾಗ ಇಟ್ಟದ್ದು ಪಟಕ್ನ ಮುರೀತು."

"ಅಪ್ಪನ ಬೂದಿಗೆ ಬುದ್ಧಿ ಹೇಳಾಕ ಬಂದಿ ಏನಲೇ?" ಎಂದೆ. ಅವನ ಕೈಯಿಂದ ಇಕ್ಕಳ ಕಸಿದುಕೊಂಡು ನಾನೇ ಹೂಳಿದೆ.

ಮರುದಿನ ತೊಲೆ ಇಳಿಸುವಾಗ ಕೊಕ್ಕೆ ಹೋಯಿತು. ನಾನು ತೊಲೆಯ ಕೆಳಗೆ ಬಿದ್ದಿದ್ದೆ. ಮುರಿದ ತುಂಡು ನನ್ನ ಮುಖದ ಹತ್ತಿರವೇ ಬಿದ್ದಿತ್ತು. ಅದರ ಬಾಯಿ ನೋಡಿದೆ. ಬಡಿತ ತಪ್ಪಿದ್ದರೆ ಒಳಗೆ ಕಪ್ಪು ಗೆರೆ ಇರಬೇಕು. ಇರಲಿಲ್ಲ. ಬೆಳ್ಳಗೆ, ಕಲ್ಲುಸಕ್ಕರೆಯ ಹಾಗೆ ಮಿನುಗುತ್ತಿತ್ತು. ನಿನ್ನ ಚಿತ್ರದಲ್ಲಿ ಇದ್ದದ್ದು ಅದೇ. ಯಾಕೆ ಹಾಗೆ ಮಿನುಗುತ್ತದೆ ಎಂದು ನನಗೆ ತಿಳಿದಿರಲಿಲ್ಲ, ಈ ಜನವರಿಯ ತನಕ. ಆದರೆ ಅವನ ಸುತ್ತಿಗೆಯಿಂದ ಅದು ಒಡೆಯಲಿಲ್ಲ ಎಂಬುದು ಬಿದ್ದಲ್ಲಿಯೇ ತಿಳಿದಿತ್ತು.

ಜನ ಓಡಿ ಬಂದು "ಹೆಂಗಾತು?" ಎಂದರು. "ಯಂಕ್ಯಾ ಬಡದ ಕೊಕ್ಕಿ" ಎಂದೆ. ಅಷ್ಟೇ. ಅದು ಸುಳ್ಳೂ ಅಲ್ಲ. ಉಳಿದದ್ದನ್ನು ಜನ ಕಟ್ಟಿಕೊಂಡರು. ನಿನ್ನ ಅಪ್ಪ ಅಲ್ಲೇ ನಿಂತಿದ್ದ. ಬೂದಿಯ ಮಾತು ಎತ್ತುತ್ತಾನೆ ಎಂದು ಕಾದೆ. ಕಾಲು ಜಜ್ಜಿಸಿಕೊಂಡು ಬಿದ್ದ ಅಣ್ಣನ ಮೇಲೆ ಅವನು ಒಂದು ಮಾತೂ ಎತ್ತಲಿಲ್ಲ. ನವನಗರಕ್ಕೆ ಬಂದ ಮೇಲೆ ಅವನ ಕೈಗೆ ಯಾರೂ ಕಬ್ಬಿಣ ಕೊಡಲಿಲ್ಲ. ನಾನು ನೋಡುತ್ತ ಕುಳಿತೆ.

ಇದನ್ನೆಲ್ಲ ಆ ಕುಣಿಯ ಪಕ್ಕ ಕುಳಿತು ಹನಮವ್ವನಿಗೆ ಹೇಳಿದೆ. ಅವಳು ಎದ್ದು ನಿಂತಳು. ಕಿವಿಯ ಹತ್ತಿರ ಬಗ್ಗಿ "ಇಪ್ಪತ್ಮೂರು ವರ್ಷ ಹೊಟ್ಯಾಗ ಇಟಗೊಂಡ ಕುಂತಿದ್ರಿ? ನಿಮ್ಮ ಮಾತ ನಂಬಿ ನಾ ಆ ಹುಡುಗಗ ಒಂದ ತುತ್ತ ಅನ್ನಾ ಹಾಕಲಿಲ್ಲ" ಎಂದಳು. ಆಮೇಲೆ ನಾಲ್ಕು ದಿನ ಅವಳು ನನ್ನ ಕಿವಿಯ ಹತ್ತಿರ ಬಂದಿಲ್ಲ.

ಮೂರನೆಯ ತುಂಡನ್ನು ನಿನ್ನ ಬುದ್ಧಿಯಂತೆ ಮಾಡು. ನನ್ನನ್ನು ಕೇಳಬೇಡ. ನಿನ್ನ ಅಪ್ಪನಿಗೆ ಈ ಕಾಗದ ಓದಿ ಹೇಳು.

ಮೌನಪ್ಪ

---

ಕಡಲ ದಂಡೆಯಿಂದ
27 ಏಪ್ರಿಲ್ 2025

ದೊಡ್ಡಪ್ಪ,

ಪಾಟಾದ ಮಾತನ್ನು ಬೇಕೆಂದೇ ಬರೆದೆ. ಕೊಕ್ಕೆ ಯಾವುದರಿಂದ ಮಾಡಿದ್ದು ಎಂದು ಅಪ್ಪ ಒಮ್ಮೆ ಅಮ್ಮನಿಗೆ ಹೇಳಿದ್ದನ್ನು ಕೇಳಿದ್ದೆ. ಬೂದಿಯ ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ, ನಮಗೂ.

ಅಪ್ಪನಿಗೆ ನಾನು ಓದಿ ಹೇಳುವುದಿಲ್ಲ. ಬಾದಾಮಿಗೆ ನಿಮ್ಮಲ್ಲಿಂದ ಒಂದು ಗಂಟೆಯ ಬಸ್ಸಿನ ದಾರಿ.

ಸವಿತಾ

---

ನವನಗರ
13 ಮೇ 2025

ಸವಿತಾ,

ಹೋಗಿ ಬಂದೆ. ಒಬ್ಬನೇ ಹೋದೆ. ಹನಮವ್ವ ಬರುತ್ತೇನೆಂದಳು, ಬೇಡವೆಂದೆ. ಬೈಸಿಕೊಳ್ಳಲು ಹೋಗುವವನಿಗೆ ಜೊತೆ ಯಾಕೆ.

ಬಾದಾಮಿಯ ಬಸ್ ಸ್ಟ್ಯಾಂಡಿನಿಂದ ಕೇಳುತ್ತ ಕೇಳುತ್ತ ಹೋದೆ. ಬಿಸಿಲಿಗೆ ಕೆಂಪು ಗುಡ್ಡ ಕುಲುಮೆಯಿಂದ ಈಗ ತೆಗೆದ ಹಾಗಿತ್ತು. ಅಂಗಡಿ ಸಿಕ್ಕಿತು. ನಿನ್ನ ಅಪ್ಪನ ತಲೆ ಪೂರಾ ಬೆಳ್ಳಗಾಗಿದೆ. ಅವನು ಒಂದು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಹಿಡಿದಿದ್ದ. ತೂತಿನಿಂದ ಗುಳ್ಳೆಗಳು ಒಂದೊಂದಾಗಿ ಎದ್ದು ಬರುತ್ತಿದ್ದವು. ನನ್ನನ್ನು ನೋಡಿದ. ಟ್ಯೂಬು ಎತ್ತಲಿಲ್ಲ. ನಾವಿಬ್ಬರೂ ಬಹಳ ಹೊತ್ತು ಆ ಗುಳ್ಳೆಗಳನ್ನೇ ನೋಡಿದೆವು. ಅಷ್ಟು ಹೊತ್ತು ನನಗೆ ಸಿಟ್ಟೂ ಇರಲಿಲ್ಲ, ಭಯವೂ ಇರಲಿಲ್ಲ. ಆ ನೀರಿನೊಳಗೇ ನಿಂತ ಹಾಗಿತ್ತು.

ಆಮೇಲೆ ಹೇಳಿದೆ. ಕಿವುಡನ ದನಿ ನಿನಗೆ ಗೊತ್ತಲ್ಲ, ಮೆಲ್ಲಗೆ ಹೇಳಲು ಬರುವುದಿಲ್ಲ. "ಯಂಕಪ್ಪಾ, ಕೊಕ್ಕಿ ಮುರದದ್ದು ನಿನ್ನ ಬಡತದಿಂದ ಅಲ್ಲ. ನಾ ಬೂದ್ಯಾಗ ಇಟ್ಟದ್ದಕ್ಕ. ನೀ ಬ್ಯಾಡ ಅಂದಿದ್ದಿ. ನಾ ಅವತ್ತ ನೋಡಿದ್ದೆ, ನೋಡಿ ಸುಮ್ಮನಾದೆ." ಗಾಡಿ ತಂದ ಇಬ್ಬರು ಗಿರಾಕಿ, ಪಕ್ಕದ ಹೂವಿನವಳು, ಎಲ್ಲರೂ ತಿರುಗಿ ನೋಡಿದರು.

ಅವನ ತುಟಿ ಅಲ್ಲಾಡಿತು. "ಕೇಳಂಗಿಲ್ಲೋ ನನಗ, ಬರದು ಕೊಡು" ಎಂದೆ. ಅವನು ಕೈ ಒರೆಸಿಕೊಂಡ. ತೂತು ಗುರುತು ಹಾಕುವ ಸೀಮೆಸುಣ್ಣ ತೆಗೆದುಕೊಂಡು ಗೋಡೆಗೆ ಒರಗಿಸಿದ ಲಾರಿಯ ಟೈರಿನ ಮೇಲೆ ಬರೆದ: "ನನಗೇನ ಹೇಳ್ತಿ? ನನಗ ಗೊತ್ತೈತಿ. ಅವರಿಗೆ ಹೇಳು."

ಬರೆದು ಮತ್ತೆ ಟ್ಯೂಬಿಗೆ ಬಗ್ಗಿದ. ಕೂರು ಎನ್ನಲಿಲ್ಲ. ಚಹಾ ಕೇಳಲಿಲ್ಲ. ಸರಿಯಾಗಿಯೇ ಮಾಡಿದ. ಬಸ್ಸಿನಲ್ಲಿ ಬರುವಾಗ ಯೋಚಿಸಿದೆ, "ಅವರಿಗೆ" ಎಂದರೆ ಯಾರಿಗೆ? ಅವನಿಗೆ ಹೆಸರಿಟ್ಟ ನಮ್ಮವರೆಲ್ಲ ಒಂದೊಂದು ಕಡೆ ಚದುರಿದವರು. ಒಂದೇ ಕಡೆ ಸಿಗುವುದು ಲಗ್ನದಲ್ಲಿ ಮಾತ್ರ.

ಜೂನ್ ಐದಕ್ಕೆ ಕಮತಗಿಯಲ್ಲಿ ನಮ್ಮವರ ಲಗ್ನ ಇದೆ. ಅವನಿಗೆ ಬರಲು ಹೇಳು. ಇಷ್ಟು ಮಾತ್ರ ನೀನು ಮಾಡು.

ಮೌನಪ್ಪ

---

ನವನಗರ
5 ಜೂನ್ 2025, ಸಂಜೆ ನಾಲ್ಕು

ಸವಿತಾ,

ನಿನಗೆ ರಜೆ ಸಿಗಲಿಲ್ಲ, ಹಾಗಾಗಿ ನಾನೇ ಬರೆಯಬೇಕಾಯಿತು. ಲಗ್ನ ಮುಗಿಸಿಕೊಂಡು ಈಗ ಬಂದೆವು.

ನಿನ್ನ ಅಪ್ಪ ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹಂದರದ ಹೊರಗೆ, ಚಪ್ಪಲಿ ಬಿಡುವ ಕಡೆ ನಿಂತಿದ್ದ. ಒಳಗೆ ಬಾ ಎಂದು ಯಾರೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಮೊದಲು ನನ್ನ ಕೆಲಸ ಆಗಬೇಕಿತ್ತು.

ಅಕ್ಷತೆ ಬಿತ್ತು. ಮೊದಲ ಪಂಕ್ತಿ ಕುಳಿತರು. ಹಿರಿಯರೆಲ್ಲ ಅದರಲ್ಲೇ ಇದ್ದರು. ಎಲೆಗೆ ಹುಗ್ಗಿ ಬಿದ್ದಿತ್ತು, ಇನ್ನೂ ಕೈ ಹಚ್ಚಿರಲಿಲ್ಲ. ನಾನು ನಡುವೆ ಹೋಗಿ ನಿಂತೆ. ಕುಂಟುಗಾಲಿಗೆ ಆಸರೆಯಾಗಿ ಕಂಬ ಹಿಡಿದುಕೊಂಡೆ. ಬಾದಾಮಿಯಲ್ಲಿ ಹೇಳಿದ್ದನ್ನೇ ಹೇಳಿದೆ. ಪಾಟಾ, ಬೂದಿ, ಅವನು ಬೇಡವೆಂದದ್ದು, ನಾನು ಇಕ್ಕಳ ಕಸಿದದ್ದು, ಬಿದ್ದಲ್ಲಿ ಕೊಕ್ಕೆಯ ಬಾಯಿ ನೋಡಿದ್ದು. ನೋಡಿಯೂ ಇಪ್ಪತ್ತಮೂರು ವರ್ಷ ಸುಮ್ಮನಿದ್ದದ್ದನ್ನು ಎರಡು ಸಲ ಹೇಳಿದೆ. ಮೊದಲ ಸಲ ಕೆಲವರು ಸಾರು ಹಾಕಿಸಿಕೊಳ್ಳುತ್ತಿದ್ದರು.

ಜನ ಏನಂದರೋ ನನಗೆ ಕೇಳಲಿಲ್ಲ. ಬಾಯಿಗಳು ಮಾತ್ರ ಅಲ್ಲಾಡುತ್ತಿದ್ದವು. ಹನಮವ್ವ ಆಮೇಲೆ ಹೇಳಿದಳು. ಒಬ್ಬರು "ಮುದುಕಗ ಅರಳು ಮರಳು" ಎಂದರಂತೆ. "ಇಲ್ಲೋ, ಅವನ ತಲಿ ಇವತ್ತ ನೆಟ್ಟಗಾಗೈತಿ" ಎಂದು ಇನ್ನೊಬ್ಬರು. ಹುನಗುಂದದ ದಾಯಾದಿಯೊಬ್ಬ "ಹಂಗಾರ ಇನ್ಮ್ಯಾಲೆ ಇವನ್ನ ಬೂದಿ ಮೌನಪ್ಪ ಅನ್ನೂಣು" ಎಂದ, ಪಂಕ್ತಿಗೆ ಪಂಕ್ತಿಯೇ ನಕ್ಕಿತಂತೆ. ಅನ್ನಲಿ. ನಮ್ಮವರಲ್ಲಿ ಒಮ್ಮೆ ಹೆಸರು ಬಿದ್ದರೆ ಅದು ಒಂದು ತಲೆ ಬಿಟ್ಟು ಏಳಬೇಕಾದರೆ ಕೂರಲು ಇನ್ನೊಂದು ತಲೆ ಬೇಕು.

ನಗು ನಿಂತ ಮೇಲೆ ಲಗ್ನದ ಯಜಮಾನ ಎದ್ದು ಹಂದರದ ಹೊರಗೆ ಹೋದ. ಅವನು ಅಂದದ್ದನ್ನು ಹನಮವ್ವ ನಾಲ್ಕು ಸಲ ಹೇಳಿ ತೋರಿಸಿದಳು: "ಯಂಕಪ್ಪಣ್ಣಾ, ಒಳಗ ಬರ್ರಿ, ಊಟಕ್ಕ ಕುಂಡ್ರಿ." ಹಿಂದೊಂದು ಮುಂದೊಂದು ಇಲ್ಲದೆ, ಬರೀ ಯಂಕಪ್ಪಣ್ಣಾ.

ಅವನು ಬಂದು ಕುಳಿತ. ನನ್ನ ಪಕ್ಕದಲ್ಲಲ್ಲ, ಎದುರು ಸಾಲಿನಲ್ಲಿ. ತಲೆ ಬಗ್ಗಿಸಿ ಉಂಡ. ನಡುವೆ ಒಮ್ಮೆ ಎಡಗೈಯಿಂದ ಕಣ್ಣೊರೆಸಿಕೊಂಡ. ಚಟ್ನಿ ಖಾರ ಇತ್ತು, ಅದಕ್ಕೂ ಇರಬಹುದು.

ಊಟವಾದ ಮೇಲೆ ಬಾದಾಮಿಯ ಬಸ್ಸು ಮೊದಲು ಬಂತು. ಅವನು ಹತ್ತಲಿಲ್ಲ. ನಮ್ಮ ಬಸ್ಸು ಬಂದಾಗ ಹಿಂದಿನ ಬಾಗಿಲಿನಿಂದ ಹತ್ತಿದ. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಕಂಡಕ್ಟರು ಅವನಿಗೂ ನಮ್ಮಂತೆಯೇ ನವನಗರದ ಚೀಟಿ ಹರಿದುಕೊಟ್ಟದ್ದು ಕಂಡಿತು. ದಾರಿಯುದ್ದಕ್ಕೂ ಅವನು ಕಿಟಕಿಯ ಹೊರಗೆ ನೋಡುತ್ತಿದ್ದ. ನಾನು ಮುಂದಿನ ಸೀಟಿನಲ್ಲಿ ಕುಳಿತು, ಅವನು ನೋಡುತ್ತಿದ್ದ ಹೊಲಗಳನ್ನೇ ನೋಡಿದೆ.

ಈ ಮನೆಯನ್ನು ಅವನು ನೋಡಿರಲಿಲ್ಲ. ಹನಮವ್ವ ಕೈಕಾಲಿಗೆ ನೀರು ಕೊಟ್ಟಳು, ಅಳುತ್ತ ಕೊಟ್ಟಳು. ಅವನು ನನ್ನ ಹೊರಸಿನ ಮೇಲೆಯೇ ಬಿದ್ದುಕೊಂಡ. ಈಗ ಕಣ್ಣಿನ ಮೇಲೆ ತೋಳು ಇಟ್ಟು ನಿದ್ದೆ ಮಾಡುತ್ತಿದ್ದಾನೆ, ನಮ್ಮಪ್ಪ ಮಲಗುತ್ತಿದ್ದ ಹಾಗೆಯೇ. ನನ್ನ ಜೊತೆ ಇನ್ನೂ ಒಂದು ಮಾತೂ ಆಡಿಲ್ಲ. ನಾನು ಬಾಗಿಲ ಹತ್ತಿರ ಕುಳಿತು ಇದನ್ನು ಬರೆಯುತ್ತಿದ್ದೇನೆ, ಅವನ ಮುಖ ಕಾಣುವ ಹಾಗೆ.

ಎದ್ದ ಮೇಲೆ ಬೈಯುತ್ತಾನೆ. ಬೈಯಲಿ. ಬೇರೆ ಮಾತು ಬರೆದು ತೋರಿಸಬೇಕು, ಬೈಗುಳ ಮಾತ್ರ ನನಗೆ ತುಟಿ ನೋಡಿದರೂ ತಿಳಿಯುತ್ತದೆ.

ಅವನು ಏಳುವುದನ್ನು ಕಾಯುತ್ತಿರುವ,
ಮೌನಪ್ಪ